ನ್ಯಾಯಾಧೀಶರೇ ತಪ್ಪಿದರೆ ಎಲ್ಲಿಗೆ ಹೋಗಬೇಕು?

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ವ್ಯಾಪಾರಕ್ಕೋ ನೌಕರಿಗೋ ಹೋಗಿ ಗೋವಾದಲ್ಲಿ ಮನೆ ಮಾಡಿದ ನಮ್ಮವರಿದ್ದಾರೆ. ಅಂಥ ಮನೆಯೊಂದರ ಮದುವೆಯ ವ್ಯಾಜ್ಯ ಕಚೇರಿಯ ಮೆಟ್ಟಿಲೇರಿದರೆ ನಾವು ಪಿಸುಮಾತಿನಲ್ಲಿ ಆಡಿಕೊಳ್ಳುತ್ತೇವೆಯೇ ಹೊರತು ದಾರಿ ಹೇಳುವುದಿಲ್ಲ. ಕೆಳಗಿನ ನ್ಯಾಯಾಲಯದ ಆದೇಶ ತಪ್ಪಾಗಿ ಬಂದರಂತೂ 'ನಮ್ಮ ಕರ್ಮ' ಎಂದು ಕೈಚೆಲ್ಲಿ ಕೂರುವವರೇ ಹೆಚ್ಚು.

ಇಂದೋರಿನಲ್ಲಿ ನಡೆದುದನ್ನು ಸಮಾಜ ಬಾಂಧವರೆಲ್ಲ ತಿಳಿಯಬೇಕು. 2025ರ ಫೆಬ್ರುವರಿಯಲ್ಲಿ ಅಲ್ಲಿಯ ಕೌಟುಂಬಿಕ ನ್ಯಾಯಾಲಯದ ನ್ಯಾಯಾಧೀಶರೊಬ್ಬರು ಜೈನ ದಂಪತಿಗಳ ವಿಚ್ಛೇದನದ ಅರ್ಜಿಯನ್ನು ತಳ್ಳಿಹಾಕಿದರು. ಗಂಡ ಹೆಂಡತಿ ಇಬ್ಬರೂ ಒಪ್ಪಿಯೇ ಹಾಕಿದ್ದ ಅರ್ಜಿ! 2014ರ ಜನವರಿಯಲ್ಲಿ ಜೈನರು ಅಲ್ಪಸಂಖ್ಯಾತರೆಂದು ಘೋಷಿತರಾದ ಮೇಲೆ ಹಿಂದೂ ವಿವಾಹ ಕಾಯ್ದೆ ಅವರಿಗೆ ಅನ್ವಯಿಸದು ಎಂಬುದು ಅವರ ವಾದ. ಇಂಥ ಅರ್ಜಿಗಳು ಒಂದೆರಡಲ್ಲ, 28. ಮೇಲ್ಮನವಿ ಮಧ್ಯಪ್ರದೇಶ ಹೈಕೋರ್ಟಿಗೆ ಹೋಯಿತು. ಕಾಯ್ದೆಯ 2ನೇ ಕಲಮಿನಲ್ಲಿಯೇ ಜೈನರ ಹೆಸರಿದೆ, ಅಲ್ಪಸಂಖ್ಯಾತರೆಂಬ ಅಧಿಸೂಚನೆ ಅದನ್ನು ಅಳಿಸುವುದಿಲ್ಲ ಎಂದು ಹೈಕೋರ್ಟು ಮಾರ್ಚ್ 24ರಂದು ಆ ಆದೇಶವನ್ನು ರದ್ದುಮಾಡಿತು. ಸಂಶಯವಿದ್ದರೆ ಆ ನ್ಯಾಯಾಧೀಶರು ತಮ್ಮ ಅಭಿಪ್ರಾಯವನ್ನು ಕೇಳಬಹುದಿತ್ತು ಎಂದೂ ಹೇಳಿತು. ಮೇಲ್ಮನವಿ ಹಾಕದೆ ಇದ್ದಿದ್ದರೆ?

ಆದರೆ ಈ ತೀರ್ಪನ್ನು ಹಿಡಿದು ಗೋವಾಕ್ಕೆ ಓಡಬಾರದು. ಅಲ್ಲಿಯ ಲೆಕ್ಕ ಬೇರೆ. 1961ರಲ್ಲಿ ಗೋವಾ ವಿಮೋಚನೆಯಾದರೂ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆ, 1910ರ ವಿವಾಹ ಮತ್ತು ವಿಚ್ಛೇದನದ ಕಾನೂನುಗಳು ಮುಂದುವರಿದವು. ಹಿಂದೂ ವಿವಾಹ ಕಾಯ್ದೆಯನ್ನು ಅಲ್ಲಿಗೆ ವಿಸ್ತರಿಸಲಿಲ್ಲ. ಸಿವಿಲ್ ರಿಜಿಸ್ಟ್ರಾರರ ಮುಂದೆ ಎರಡು ಸಲ ಸಹಿ ಹಾಕಿದರೇ ಮದುವೆ. ಮೊದಲೇ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಪಾಲು. (ನಮ್ಮ ಹೆಣ್ಣುಮಕ್ಕಳು ಇದನ್ನು ಕೇಳಿ ಹುಬ್ಬೇರಿಸುವುದುಂಟು.) ಊರಿನ ಬಸದಿಯ ಮುಂದೆ ಧಾರೆಯಾಗಿ, ಬಳಿಕ ಅಲ್ಲಿ ಸಂಸಾರ ಹೂಡಿದವರಿಗೆ ಯಾವ ಕಾನೂನು? ಮದುವೆ ಎಲ್ಲಾಯಿತು, ಎಲ್ಲಿ ನೋಂದಣಿಯಾಯಿತು, ಕಾಯಂ ನೆಲೆ ಯಾವುದು ಎಂಬುದನ್ನು ವಕೀಲರಿಗೆ ಮೊದಲೇ ಹೇಳಬೇಕು. ತಪ್ಪು ಕಾನೂನಿನಡಿ ಹಾಕಿದ ದಾವೆ ವರ್ಷಗಟ್ಟಲೆ ಅಲೆಸುತ್ತದೆ.

ಗೋವಾದ ಮೇಲಿನ ನ್ಯಾಯಾಲಯವೆಂದರೆ ಬಾಂಬೆ ಹೈಕೋರ್ಟಿನ ಗೋವಾ ಪೀಠ. 1982ರಲ್ಲಿ ಪಣಜಿಯಲ್ಲಿ ಆರಂಭವಾಗಿ, 2021ರಿಂದ ಪರ್ವರಿಯ ಹೊಸ ಕಟ್ಟಡದಲ್ಲಿದೆ. ಕೆಳಗಿನ ನ್ಯಾಯಾಲಯಗಳ ಮೇಲ್ವಿಚಾರಣೆಯ ಅಧಿಕಾರವನ್ನು ಸಂವಿಧಾನದ 227ನೇ ವಿಧಿ ಹೈಕೋರ್ಟಿಗೆ ಕೊಟ್ಟಿದೆ. ಮಧ್ಯಂತರ ಆದೇಶದಲ್ಲಿ ನ್ಯಾಯಾಧೀಶರು ತಮ್ಮ ಅಧಿಕಾರದ ಗಡಿ ದಾಟಿದ್ದರೆ ಈ ದಾರಿ ಇದೆ. ಸಾಕ್ಷ್ಯವನ್ನು ಮತ್ತೆ ತೂಗಿಸಿಕೊಳ್ಳಲು ಅಲ್ಲ.

ನ್ಯಾಯಾಧೀಶರು ಒಂದು ಪಕ್ಷಕ್ಕೆ ವಾಲಿದ್ದಾರೆಂಬ ಭಯಕ್ಕೆ ಆಧಾರವಿದ್ದರೆ ಮೊಕದ್ದಮೆಯ ವರ್ಗಾವಣೆ ಕೇಳಬಹುದು. ಬೇರೆ ರಾಜ್ಯಕ್ಕೆ, ಅಂದರೆ ಗೋವಾದಿಂದ ಧಾರವಾಡಕ್ಕೆ ಬೇಕೆಂದರೆ, ಸುಪ್ರೀಂ ಕೋರ್ಟಿಗೇ ಹೋಗಬೇಕು. ಸಣ್ಣ ಮಗುವನ್ನು ಕಟ್ಟಿಕೊಂಡು ತವರಿನಲ್ಲಿರುವ ಮಗಳಿಗೆ ಇದು ದೊಡ್ಡ ಮಾತು. ನ್ಯಾಯಾಧೀಶರ ನಡತೆಯ ಬಗ್ಗೆ ಹೈಕೋರ್ಟಿಗೆ ದೂರು ಬರೆಯಬಹುದು. ಆದರೆ ದೂರಿನಿಂದ ಆದೇಶ ಬದಲಾಗದು. ಅದಕ್ಕೆ ಮೇಲ್ಮನವಿಯೇ ಬೇಕು.

ದಿನಗಳ ಮಾತು ಮುಖ್ಯ. ಕೌಟುಂಬಿಕ ನ್ಯಾಯಾಲಯಗಳ 1984ರ ಕಾಯ್ದೆ ಮೇಲ್ಮನವಿಗೆ ಕೊಡುವ ಅವಧಿ 30 ದಿನ. ಇಬ್ಬರೂ ಒಪ್ಪಿ ಪಡೆದ ತೀರ್ಪಿನ ಮೇಲೆ ಅದೂ ಇಲ್ಲ. ಆದೇಶವಾದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು, ರಸೀದಿಯನ್ನು ಜೋಪಾನವಾಗಿಡಬೇಕು. ನಕಲು ಸಿಗಲು ಹಿಡಿದ ದಿನಗಳನ್ನು ಅವಧಿಯಿಂದ ಕಳೆಯುತ್ತಾರೆ.