ಮೊಬೈಲಿನ ಮೂಲಕ ಮಾಲು ಮಾರಾಟ: ಗಿರಾಕಿಯ ನಡವಳಿಕೆ ತಿಳಿಯುವ ಬಗೆ



ಕಳೆದ ಮಳೆಗಾಲದಲ್ಲಿ ಅಡಸಾಲಿ ಹೊಲಗಳನ್ನು ನೋಡುತ್ತ ಹೋದಾಗ ಹಲವು ಕಡೆ ಬದುವಿನ ಮೇಲೆ ಒಂದೇ ಬಗೆಯ ಖಾಲಿ ಬಾಟಲಿಗಳು ಬಿದ್ದಿದ್ದನ್ನು ಕಂಡೆ. ಅದೊಂದು ಟಾನಿಕ್ಕು. ಊರ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲಿಯೂ ಇಲ್ಲ. ಎಲ್ಲಿಂದ ತಂದಿರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮೊಬೈಲಿನಾಗ ನೋಡಿ ತರಿಸಿದ್ವಿ ಸಾಹೇಬ್ರ." ಯಾರೋ ಒಬ್ಬ ರೈತ ತನಗಿಂತ ಎರಡು ಪಟ್ಟು ಎತ್ತರದ ಕಬ್ಬನ್ನು ತಬ್ಬಿಕೊಂಡು ನಿಂತು, ಎಕರೆಗೆ ನೂರು ಟನ್ನು ಬಂತು ಎಂದು ಹೇಳುವ ಮೂವತ್ತು ಸೆಕೆಂಡಿನ ವಿಡಿಯೋ ಅದು. ತೂಕದ ಚೀಟಿ ಬಂದಾಗ ಟಾನಿಕ್ಕು ಹೊಡೆದ ಹೊಲಕ್ಕೂ ಹೊಡೆಯದ ಹೊಲಕ್ಕೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಖರ್ಚು ಮಾತ್ರ ಉಳಿಯಿತು.

ನಿಮ್ಮನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಮಣ್ಣು ಪರೀಕ್ಷೆ ಮಾಡಿಸಿರಿ ಎಂದು ನಾನು ಗಟ್ ಆಫೀಸಿನಲ್ಲಿ ವರ್ಷಗಟ್ಟಲೆ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಜನ, ಮೂವತ್ತು ಸೆಕೆಂಡಿನಲ್ಲಿ ಒಬ್ಬ ಅಪರಿಚಿತನ ಮಾತು ಕೇಳಿ ದುಡ್ಡು ಕಳಿಸಿದರು. ಅವನಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಏನು ಎಂಬ ಪ್ರಶ್ನೆ ನನ್ನನ್ನು ಕಾಡಿತು. ಅವನು ಆ ಯುಕ್ತಿಯನ್ನು ಕೆಟ್ಟ ಮಾಲು ಮಾರಲು ಬಳಸಿದ. ನಿಮ್ಮ ಮನೆಯಲ್ಲಿ ಒಳ್ಳೆಯ ಮಾಲಿದೆ, ಅದು ಅಡತಿಯವರು ಕೂಗಿದ ದರಕ್ಕೆ ಹೋಗುತ್ತಿದೆ. ಅದೇ ಫೋನು ನಿಮ್ಮ ಕಿಸೆಯಲ್ಲಿಯೂ ಇದೆ.

ಕಾರ್ಖಾನೆಯ ಮನುಷ್ಯ ಬೆಲ್ಲ ಮಾರುವ ದಾರಿ ಹೇಳುತ್ತಿದ್ದಾನಲ್ಲ ಎಂದು ಕೆಲವರು ನಗಬಹುದು. ನೋಂದಾಯಿಸಿದ ಕಬ್ಬು ಕಾರ್ಖಾನೆಗೇ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಣಕ್ಕೆಂದು ಮೊದಲೇ ತೆಗೆದಿಟ್ಟ ಅರ್ಧ ಎಕರೆಯ ಬೆಲ್ಲ, ಕಬ್ಬಿನ ಸಾಲಿನಲ್ಲಿ ಮಿಶ್ರಬೆಳೆಯಾಗಿ ತೆಗೆದ ಶೇಂಗಾ, ಕಡಲೆ, ಹಿಂಗಾರಿ ಜೋಳ, ಹಾಗೆಯೇ ನಮ್ಮ ತಾಯಂದಿರು ಮಾಡುವ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಇವೆಲ್ಲ ನಿಮ್ಮವೇ. ಕಬ್ಬಿನ ಬಿಲ್ಲು ಬರುವವರೆಗೆ ಮನೆ ನಡೆಸುವುದು ಇವುಗಳೇ ಅಲ್ಲವೇ?

ಮೊದಲು ಗಿರಾಕಿಯ ನಡವಳಿಕೆ ನೋಡೋಣ. ಇದಕ್ಕೆ ಪುಸ್ತಕ ಬೇಡ, ನಿಮ್ಮನ್ನೇ ನೀವು ನೋಡಿಕೊಂಡರೆ ಸಾಕು. ರಾತ್ರಿ ಊಟವಾದ ಮೇಲೆ ಹಾಸಿಗೆಯ ಮೇಲೆ ಒರಗಿ ಫೋನು ಹಿಡಿಯುತ್ತೀರಿ. ಹೆಬ್ಬೆರಳು ತನ್ನಷ್ಟಕ್ಕೆ ಮೇಲಕ್ಕೆ ತಳ್ಳುತ್ತ ಇರುತ್ತದೆ. ಏನನ್ನೂ ಕೊಳ್ಳಬೇಕೆಂದು ನೀವು ಅಲ್ಲಿಗೆ ಹೋಗಿಲ್ಲ, ದಣಿವಾರಿಸಿಕೊಳ್ಳಲು ಹೋಗಿದ್ದೀರಿ. ಅಂಗಡಿಗೆ ಬಂದ ಗಿರಾಕಿಗೂ ಜಾತ್ರೆಯಲ್ಲಿ ಸುಮ್ಮನೆ ಅಡ್ಡಾಡುವವನಿಗೂ ಇರುವ ವ್ಯತ್ಯಾಸವೇ ಇದು. ಅಡ್ಡಾಡುವವನನ್ನು "ಕೊಳ್ಳಿರಿ, ಕೊಳ್ಳಿರಿ" ಎಂದು ಕೂಗಿ ನಿಲ್ಲಿಸಲಾಗದು. ಅವನು ನಿಲ್ಲುವುದು ಯಾರೋ ಏನನ್ನೋ ಮಾಡುತ್ತಿರುವುದನ್ನು ಕಂಡಾಗ: ಕುಂಬಾರನ ತಿಗರಿ ತಿರುಗುವಾಗ, ಜಿಲೇಬಿ ಎಣ್ಣೆಗೆ ಬೀಳುವಾಗ. ಟಾನಿಕ್ಕಿನವನಿಗೆ ಗೊತ್ತಿದ್ದದ್ದು ಇದೇ. ಅವನು ಬಾಟಲಿಯನ್ನು ಮೊದಲು ತೋರಿಸಲಿಲ್ಲ, ಕಬ್ಬನ್ನು ತಬ್ಬಿದ ಮನುಷ್ಯನನ್ನು ತೋರಿಸಿದ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಇವುಗಳ ಆದಾಯ ಬಹುಪಾಲು ಜಾಹೀರಾತಿನದು. ಆದ್ದರಿಂದ ಜನ ಹೆಚ್ಚು ಹೊತ್ತು ಅಲ್ಲಿಯೇ ಇರಬೇಕು ಎಂಬುದು ಆ ಕಂಪನಿಗಳ ಲೆಕ್ಕ. ನೀವು ಯಾವ ಚಿತ್ರದ ಮುಂದೆ ನಾಲ್ಕು ಸೆಕೆಂಡು ಹೆಚ್ಚು ನಿಂತಿರಿ ಎಂಬುದನ್ನು ಯಂತ್ರ ಗುರುತಿಟ್ಟುಕೊಂಡು ಅಂಥದ್ದನ್ನೇ ಮತ್ತೆ ತೋರಿಸುತ್ತದೆ. ಒಂದು ಟಾನಿಕ್ಕಿನ ವಿಡಿಯೋ ಪೂರ್ತಿ ನೋಡಿದರೆ ನಾಳೆ ನಾಲ್ಕು ಬರುತ್ತವೆ. ಊರೆಲ್ಲ ಇದನ್ನೇ ಬಳಸುತ್ತಿದೆ ಎಂದು ನಿಮಗೆ ಅನ್ನಿಸುತ್ತದೆ. ಊರು ಬಳಸುತ್ತಿಲ್ಲ, ನಿಮ್ಮ ಫೋನು ನಿಮಗೆ ಹಾಗೆ ತೋರಿಸುತ್ತಿದೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಮ್ಮ ದೇಶದಲ್ಲಿ ನಿಷೇಧವಾಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂನ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಬಂದವು. ಹೆಸರು ಬದಲಾದರೂ ಹೆಬ್ಬೆರಳಿನ ಚಟ ಅದೇ ಉಳಿಯಿತು.

ಈಗ ನನ್ನದೇ ಮನೆಯ ಸಂಗತಿ ಹೇಳುತ್ತೇನೆ. ಊರಲ್ಲಿ ನಮ್ಮ ಅಣ್ಣ ಪ್ರತಿವರ್ಷ ಸ್ವಲ್ಪ ಬೆಲ್ಲ ಮಾಡಿಸುತ್ತಾನೆ. ಬೆಂಡಿಗಿಡದ ಲೋಳೆ ಹಾಕಿ ಹೊಲಸು ತೆಗೆಯುತ್ತಾನೆ, ಹೈಡ್ರೋಸ್ ಪುಡಿ ಮುಟ್ಟುವುದಿಲ್ಲ. ಬೆಲ್ಲ ಕಂದು ಬಣ್ಣಕ್ಕೆ ಬರುತ್ತದೆ. ಅದರ ಪೆಂಟಿಗಳನ್ನು ಸಾಲಾಗಿಟ್ಟು ಫೋಟೋ ತೆಗೆದು, "ಶುದ್ಧ ಸಾವಯವ ಬೆಲ್ಲ ದೊರೆಯುತ್ತದೆ, ದರಕ್ಕಾಗಿ ಸಂಪರ್ಕಿಸಿರಿ" ಎಂದು ಬರೆದು ವಾಟ್ಸಪ್ ಸ್ಟೇಟಸ್ಸಿಗೆ ಹಾಕಿದೆ. ಅರವತ್ತು ಎಪ್ಪತ್ತು ಜನ ನೋಡಿದರು. ಕೊಂಡವರು ಇಬ್ಬರು, ಅದರಲ್ಲಿ ಒಬ್ಬ ನನ್ನ ಭಾವಮೈದುನ. ಒಬ್ಬ ಪರಿಚಿತರಂತೂ ಹಳೆಯ ಬೆಲ್ಲವೇ ಎಂದು ಕೇಳಿದರು. ಫೋಟೋದಲ್ಲಿ ಹೈಡ್ರೋಸ್ ಹಾಕಿದ ಹಳದಿ ಬೆಲ್ಲವೇ ಚೆಂದ ಕಾಣುತ್ತದೆ, ಶುದ್ಧ ಬೆಲ್ಲ ಮಂಕಾಗಿ ಕಾಣುತ್ತದೆ. ಬರೀ ಬಣ್ಣದ ಸ್ಪರ್ಧೆಗಿಳಿದರೆ ಒಳ್ಳೆಯ ಮಾಲು ಸೋಲುವುದೇ ಖಂಡಿತ.

ಮುಂದಿನ ವಾರ ಮಗಳ ಮಾತು ಕೇಳಿ ಬೇರೆ ಮಾಡಿದೆ. ಅಣ್ಣ ಕುದಿಯುವ ಕಡಾಯಿಯಿಂದ ಒಂದಿಷ್ಟು ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುವುದನ್ನು ಅವಳೇ ವಿಡಿಯೋ ಮಾಡಿದಳು. ಅಣ್ಣ ಕ್ಯಾಮರಾ ನೋಡಲೂ ಇಲ್ಲ. "ಇನ್ನೂ ಒಂದ್ ಕುದಿ ಬೇಕು" ಎಂದಷ್ಟೇ ಗೊಣಗಿದ. ಕೆಳಗೆ ಬೆಲೆ ಬರೆದೆವು, ಎಷ್ಟು ಕಿಲೋ ಉಳಿದಿದೆ ಎಂದು ಬರೆದೆವು, ಬಣ್ಣ ಏಕೆ ಕಂದು ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಿದೆವು. ಎರಡು ದಿನದಲ್ಲಿ ಮಾಲು ಮುಗಿಯಿತು. ಜನ ಬೆಲ್ಲ ಕೊಳ್ಳಲಿಲ್ಲ, ಅಣ್ಣನ ಆ ಗೊಣಗಾಟವನ್ನು ನಂಬಿದರು ಎಂದು ನನಗನ್ನಿಸುತ್ತದೆ.

ಬೆಲೆ ಬರೆಯದೆ "ಸಂಪರ್ಕಿಸಿರಿ" ಎನ್ನುವುದು ನಾವೆಲ್ಲ ಮಾಡುವ ತಪ್ಪು. ಸಂತೆಯಲ್ಲಿ ಬೆಲೆ ಕೇಳುವುದು ಮಾತಿನ ಆರಂಭ. ಫೋನಿನಲ್ಲಿ ಬೆಲೆ ಕೇಳಬೇಕಾಗಿ ಬಂದರೆ ಗಿರಾಕಿಗೆ ಸಂಕೋಚ. ಕೇಳಿ ಕೊಳ್ಳದಿದ್ದರೆ ಏನೆಂದುಕೊಂಡಾರೋ ಎಂದು ಕೇಳುವುದನ್ನೇ ಬಿಡುತ್ತಾನೆ. ಕಿಲೋಗೆ ಎಷ್ಟು, ಪುಣೆಗೆ ಪಾರ್ಸೆಲ್ ಖರ್ಚು ಎಷ್ಟು, ಸೊಲ್ಲಾಪುರದಲ್ಲಿ ಎಲ್ಲಿ ಕೊಡುತ್ತೀರಿ ಎಂಬುದನ್ನು ಅಲ್ಲಿಯೇ ಬರೆದುಬಿಡಿರಿ.

ಭಾಷೆಯ ವಿಚಾರ ನಮ್ಮ ಸೀಮೆಯಲ್ಲಿ ಬೇರೆಯವರಿಗಿಂತ ತೊಡಕಿನದು. ಅಕ್ಕಲಕೋಟೆ, ಜತ್ತ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಶಾಲೆ ಮರಾಠಿ. ಪುಣೆ, ಮುಂಬಯಿಗೆ ದುಡಿಯಲು ಹೋದ ನಮ್ಮ ಮಕ್ಕಳಿಗೆ ಕನ್ನಡ ಕೇಳಿದರೆ ಕರುಳು ಚುರ್ ಎನ್ನುತ್ತದೆ, ಆದರೆ ಓದಲು ಬಾರದು. ಅವರಿಗೆ ಬರೆದು ಕಳಿಸಬೇಡಿರಿ, ಮಾತಾಡಿ ಕಳಿಸಿರಿ. "ಅಕ್ಕಾ, ಈ ಸಲದ ಶೇಂಗಾ ಹುರಿದು ಚಟ್ನಿ ಕುಟ್ಟೀನಿ, ಬೆಳ್ಳೊಳ್ಳಿ ಮುಂದ ಹಾಕೀನಿ" ಎಂದು ನಿಮ್ಮ ಮನೆಯವರು ತಮ್ಮ ದನಿಯಲ್ಲಿ ಹೇಳಿದ್ದು ಯಾವ ಬಣ್ಣದ ಜಾಹೀರಾತಿಗೂ ಮಿಗಿಲು. ನೆರೆಹೊರೆಯ ಮರಾಠಿ ಗಿರಾಕಿಗಳಿಗೆ ಅದೇ ಸಂಗತಿಯನ್ನು ಮರಾಠಿಯಲ್ಲಿ ಬೇರೆಯಾಗಿ ಕಳಿಸಿರಿ. ಒಂದೇ ಸಂದೇಶದಲ್ಲಿ ಎರಡನ್ನೂ ಬೆರೆಸಿದರೆ ಎರಡೂ ಕಡೆಯವರು ಅರ್ಧಕ್ಕೆ ಬಿಡುತ್ತಾರೆ.

ಊರ ಹೆಸರನ್ನು ಹೇಳಿಕೊಳ್ಳಲು ನಾಚಿಕೆ ಬೇಡ. ಮಂಗಳವೇಢೆಯ ಜೋಳಕ್ಕೂ ಸೊಲ್ಲಾಪುರದ ದಾಳಿಂಬೆಗೂ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹಾಗೆಂದು ಅಕ್ಕಲಕೋಟೆಯ ಹೊಲದ ಜೋಳಕ್ಕೆ ಮಂಗಳವೇಢೆಯ ಹೆಸರು ಹಚ್ಚಬೇಡಿರಿ. ಅದು ಕಾಯಿದೆಗೂ ವಿರೋಧ, ತಿಂದವರಿಗೂ ತಿಳಿಯುತ್ತದೆ.

ಇನ್ನು ವಾಟ್ಸಪ್. ನಮ್ಮ ವ್ಯಾಪಾರಕ್ಕೆ ಉಳಿದೆಲ್ಲಕ್ಕಿಂತ ಇದೇ ಹೆಚ್ಚು ಉಪಯೋಗದ್ದು ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಯಾವ ಸಂದೇಶ ಯಾರಿಗೆ ಎಂದು ಯಂತ್ರ ಆರಿಸುವುದಿಲ್ಲ, ಕಳಿಸುವವನೇ ಆರಿಸುತ್ತಾನೆ. ಹೆಚ್ಚಿನವರು ಮಾಲು ಮಾರಲು ಗುಂಪು ಕಟ್ಟುತ್ತಾರೆ. ಗುಂಪು ಎಂದರೆ ಊರ ಕಟ್ಟೆ. ಅಲ್ಲಿ ಶುಭೋದಯದ ಹೂವು, ಚುನಾವಣೆಯ ಜಗಳ, ಹುಟ್ಟುಹಬ್ಬದ ಕೇಕು ಎಲ್ಲವೂ ಬೀಳುತ್ತವೆ. ಕಬ್ಬು ಕಟಾವಿನ ಪಾಳಿ ತಿಳಿಸಲೆಂದು ನಾನು ಕಟ್ಟಿದ ಗುಂಪಿನ ಗತಿಯೂ ಅದೇ ಆಯಿತು. ಒಂದು ದಿನ ಟೋಳಿ ಬರುವ ಸೂಚನೆ ನೂರಾರು ಹೂವುಗಳ ಕೆಳಗೆ ಹೂತುಹೋಗಿ, ಒಬ್ಬ ಸಭಾಸದರ ಹೊಲದಿಂದ ಟೋಳಿ ಮರಳಿತು. ಅವರು ಚಿಟ್‌ಬಾಯ್‌ನನ್ನು ಬಯ್ದರು. ತಪ್ಪು ನನ್ನದು.

ಅದರ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಎಂಬ ಸೌಕರ್ಯವಿದೆ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ನೀವು ಒಮ್ಮೆ ಕಳಿಸಿದ್ದು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಅಂಚೆಯವನು ಮನೆಗೇ ತಂದುಕೊಟ್ಟ ಕಾಗದದಂತೆ ಮುಟ್ಟುತ್ತದೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಒಂದು ಷರತ್ತು ಇದೆ, ಇದನ್ನು ಬಹಳ ಜನ ತಿಳಿದಿಲ್ಲ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಮೊದಲ ಸಲ ಮಾಲು ಕೊಡುವಾಗಲೇ "ನಮ್ಮ ನಂಬರು ಬೆಲ್ಲದವರು ಎಂದು ಬರೆದಿಟ್ಟುಕೊಳ್ಳಿರಿ" ಎಂದು ಹೇಳಿರಿ. ಚೀಲದ ಮೇಲೂ ನಂಬರು ಬರೆಯಿರಿ. ತಿಂಗಳಿಗೆ ಎರಡು ಸಂದೇಶ ಸಾಕು. ದಿನಾ ಕಳಿಸಿದರೆ ಗಿರಾಕಿ ನಿಮ್ಮನ್ನು ತಡೆಹಿಡಿಯುತ್ತಾನೆ, ಹಾಗೆ ಮಾಡಿದ್ದು ನಿಮಗೆ ತಿಳಿಯುವುದೂ ಇಲ್ಲ. 2018ರಿಂದ ಅಂಗಡಿಯವರಿಗೆಂದೇ ಬೇರೆ ವಾಟ್ಸಪ್ ಬಿಸಿನೆಸ್ ಬಂದಿದೆ. ಅದರಲ್ಲಿ ಮಾಲಿನ ಚಿತ್ರ, ಬೆಲೆಗಳ ಪಟ್ಟಿ ಇಡಬಹುದು. ಅದನ್ನು ನಿಮ್ಮ ಮಕ್ಕಳು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ.

ಜಾಹೀರಾತನ್ನು ಮುಂದೆ ಮುಂದೆ ದಾಟಿಸಿರಿ ಎಂದು ಎಲ್ಲರನ್ನೂ ಬೇಡುವುದರಿಂದ ಪ್ರಯೋಜನ ಕಡಿಮೆ. ಸುಳ್ಳು ಸುದ್ದಿಗಳ ಹಾವಳಿಯಿಂದ ಜೀವಹಾನಿಯಾದ ಮೇಲೆ 2018ರಲ್ಲಿ ನಮ್ಮ ದೇಶದಲ್ಲಿ ಒಮ್ಮೆಗೆ ಐದು ಕಡೆ ಮಾತ್ರ ದಾಟಿಸುವ ಮಿತಿ ಬಂತು. ಬಹಳ ಕೈ ದಾಟಿದ್ದನ್ನು ಒಮ್ಮೆಗೆ ಒಂದೇ ಕಡೆ ಎಂದು 2020ರಲ್ಲಿ ಬಿಗಿಮಾಡಿದರು. ದಾಟಿಬಂದದ್ದಕ್ಕೆ ಬಾಣದ ಗುರುತು ಬೀಳುತ್ತದೆ. ಆ ಗುರುತು ಕಂಡ ಕೂಡಲೇ ಓದುವವನ ನಂಬಿಕೆ ಅರ್ಧ ಇಳಿಯುತ್ತದೆ. ಇದಕ್ಕಿಂತ, ಒಮ್ಮೆ ಒಯ್ದ ಗಿರಾಕಿಯನ್ನು "ನಿಮಗೆ ಹೇಗನ್ನಿಸಿತೋ ಹಾಗೆ ನಿಮ್ಮ ಮಾತಿನಲ್ಲೇ ನಿಮ್ಮ ತಂಗಿಗೆ ಹೇಳಿರಿ" ಎಂದು ಕೇಳುವುದು ಮೇಲು.

ಒಂದು ಪ್ರಶ್ನೆಯನ್ನು ತರುಣರು ತಪ್ಪದೆ ಕೇಳುತ್ತಾರೆ: ಒಂದು ವಿಡಿಯೋ ಲಕ್ಷ ಜನ ನೋಡಿದರೆ ನಮ್ಮ ಭಾಗ್ಯ ತೆರೆಯುವುದಿಲ್ಲವೇ? 2020ರ ಏಪ್ರಿಲಿನಲ್ಲಿ, ಲಾಕ್‌ಡೌನಿನ ಕಾಲಕ್ಕೆ, ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲೂಕಿನ ಒಬ್ಬ ರೈತ ಮಹಿಳೆ ಉಳ್ಳಾಗಡ್ಡಿ ಮಾರಾಟವಾಗದ ಸಂಕಟವನ್ನು ವಿಡಿಯೋದಲ್ಲಿ ಹೇಳಿಕೊಂಡರು. ಅದು ನಾಡೆಲ್ಲ ಹರಿದಾಡಿ, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಅವರಿಗೆ ಫೋನ್ ಮಾಡಿ ಮಾತನಾಡಿದರು. ಆಪತ್ಕಾಲಕ್ಕೆ ಅದು ಸರಿ. ಆದರೆ ಕನಿಕರದಿಂದ ಜನ ಒಮ್ಮೆ ಕೊಳ್ಳುತ್ತಾರೆ, ವರ್ಷವರ್ಷವೂ ಕೊಳ್ಳುವುದಿಲ್ಲ. ಅದೂ ಅಲ್ಲದೆ ಲಕ್ಷ ಜನ ನೋಡಿ ಸಾವಿರ ಜನ ಕೇಳಿದರೆ ಕೊಡಲು ನಿಮ್ಮಲ್ಲಿ ಬೆಲ್ಲ ಎಲ್ಲಿದೆ? ಸಿಗದವರು ಕೆಟ್ಟದ್ದಾಗಿ ಬರೆಯುತ್ತಾರೆ. ಅರ್ಧ ಎಕರೆ ಗಾಣದವನಿಗೆ ಬೇಕಾದದ್ದು ಮತ್ತೆ ಮತ್ತೆ ಒಯ್ಯುವ ಎಂಬತ್ತು, ನೂರು ಮನೆಗಳು. ಎಷ್ಟು ಜನ ನೋಡಿದರು ಎಂಬುದನ್ನು ಬಿಟ್ಟು, ಎಷ್ಟು ಜನ ಎರಡನೆಯ ಸಲ ಕೇಳಿದರು ಎಂಬುದನ್ನು ಎಣಿಸಿರಿ.

ಹಣದ ವಿಷಯದಲ್ಲಿ ಮೋಸ ಬಹಳ ನಡೆದಿದೆ. ಸೈನ್ಯದ ಅಧಿಕಾರಿ, ಕ್ಯಾಂಟೀನಿಗೆ ಐದು ಕ್ವಿಂಟಲ್ ಬೇಕು ಎಂದು ಒಬ್ಬ ಹಿಂದಿಯಲ್ಲಿ ಮಾತಾಡುತ್ತಾನೆ. ಬೆಲೆಗೆ ಚೌಕಾಸಿಯನ್ನೇ ಮಾಡುವುದಿಲ್ಲ, ಸಂಶಯ ಅಲ್ಲಿಯೇ ಬರಬೇಕು. ಹಣ ಪಡೆಯಲು ಈ ಚೌಕ ಚಿಹ್ನೆಯನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎನ್ನುತ್ತಾನೆ. ಹಣ ಪಡೆಯಲು ಪಿನ್ ಎಂದಿಗೂ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ನಿಮ್ಮಿಂದ ಹೋಗುತ್ತದೆ. ಹಣ ಹಾಕಿದ್ದೇನೆ ಎಂದು ಕಳಿಸಿದ ಚಿತ್ರವನ್ನೂ ನಂಬಬೇಡಿರಿ, ನಿಮ್ಮ ಖಾತೆಯಲ್ಲಿ ಜಮೆ ಕಂಡ ಮೇಲೆಯೇ ಪಾರ್ಸೆಲ್ ಕಟ್ಟಿರಿ. ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಿರಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಕೈಗೆ ಸಿಗುವುದು ಕಷ್ಟ.

ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು, ಅದರ ಹದಿನಾಲ್ಕು ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ತಯಾರಿಸಿದ ದಿನಾಂಕವನ್ನೂ ಬರೆಯಿರಿ. ಬೆಲ್ಲವನ್ನು ಮಳೆಗಾಲದಲ್ಲಿ ದೂರಕ್ಕೆ ಕಳಿಸದಿರುವುದು ಲೇಸು, ದಾರಿಯಲ್ಲಿ ತೇವ ಹೀರಿ ನೀರೊಡೆಯುತ್ತದೆ.

ಕಡೆಯದಾಗಿ ಒಂದು ನೋಟುಬುಕ್ಕು ಇಡಿರಿ. ಫೋನು ಕಳೆಯುತ್ತದೆ, ಕೆಡುತ್ತದೆ, ಮೊಮ್ಮಗನ ಕೈಯಿಂದ ಹಾಳಬಾವಿಗೆ ಬೀಳುತ್ತದೆ. ಯಾರು ಯಾವ ತಿಂಗಳು ಎಷ್ಟು ಒಯ್ದರು, ಏನು ದೂರಿದರು, ಯಾರ ಮನೆಯಲ್ಲಿ ಮದುವೆ ಇದೆ ಎಂಬುದನ್ನು ಅದರಲ್ಲಿ ಬರೆಯಿರಿ. ಇನ್ನು ಮುಂದೆ ನನಗೆ ಕಳಿಸಬೇಡಿರಿ ಎಂದು ಯಾರಾದರೂ ಹೇಳಿದರೆ ಕಾರಣ ಕೇಳದೆ ಅವರ ಹೆಸರನ್ನು ಅಂದೇ ಪಟ್ಟಿಯಿಂದ ತೆಗೆಯಿರಿ.