ಗುರುವಾಗಿ ಹುಟ್ಟಿದ ದೇವರು: ದತ್ತ ಜಯಂತಿಯ ಹುಣ್ಣಿಮೆ

ಮಾರ್ಗಶಿರ ಮಾಸದ ಹುಣ್ಣಿಮೆ, ಅಂದರೆ ಸಾಮಾನ್ಯವಾಗಿ ಡಿಸೆಂಬರ್ ತಿಂಗಳಿನಲ್ಲಿ ಬರುವ ಪೂರ್ಣಿಮೆ, ದತ್ತಾತ್ರೇಯನು ಅವತರಿಸಿದ ದಿನವೆಂದು ಕರ್ನಾಟಕ, ಮಹಾರಾಷ್ಟ್ರ ಮತ್ತು ತೆಲುಗು ನಾಡುಗಳಲ್ಲಿ ಆಚರಣೆಯಲ್ಲಿದೆ. ರಾಮನ ಜನ್ಮಕ್ಕೆ ರಾವಣನ ವಧೆ, ಕೃಷ್ಣನ ಜನ್ಮಕ್ಕೆ ಕಂಸನ ವಧೆ, ನರಸಿಂಹನ ಆವಿರ್ಭಾವಕ್ಕೆ ಹಿರಣ್ಯಕಶಿಪುವಿನ ವಧೆ ನಿಮಿತ್ತವಾದರೆ, ದತ್ತಾತ್ರೇಯನ ಜನ್ಮದ ಕಥೆಯಲ್ಲಿ ಕೊಲ್ಲಬೇಕಾದ ಶತ್ರುವೇ ಇಲ್ಲ. ಅಲರ್ಕ, ಪ್ರಹ್ಲಾದ ಮೊದಲಾದವರಿಗೆ ಆತ್ಮವಿದ್ಯೆಯನ್ನು ಉಪದೇಶಿಸಿದವನೆಂದೇ ಭಾಗವತ ಪುರಾಣವು ಅವನನ್ನು ಪರಿಚಯಿಸುತ್ತದೆ. ಗುರುವಾಗುವುದಕ್ಕೆಂದೇ ಹುಟ್ಟಿದ ದೇವರ ಜಯಂತಿಯಾದ್ದರಿಂದ ಈ ಹಬ್ಬದ ಆಚಾರಗಳೂ ಪಾರಾಯಣ, ಭಿಕ್ಷೆ, ಅನ್ನದಾನ ಎಂಬ ಕಲಿಕೆಯ ಹಾಗೂ ಕೊಡುಗೆಯ ದಾರಿಯಲ್ಲೇ ಬೆಳೆದುಬಂದಿವೆ.

ಅತ್ರಿ ಮಹರ್ಷಿಯೂ ಅವನ ಪತ್ನಿ ಅನಸೂಯೆಯೂ ಪಡೆದ ಮೂವರು ಮಕ್ಕಳಲ್ಲಿ ಬ್ರಹ್ಮನ ಅಂಶದಿಂದ ಚಂದ್ರನೂ, ವಿಷ್ಣುವಿನ ಅಂಶದಿಂದ ದತ್ತನೂ, ಶಿವನ ಅಂಶದಿಂದ ದುರ್ವಾಸನೂ ಜನಿಸಿದರೆಂದು ಭಾಗವತದ ನಾಲ್ಕನೆಯ ಸ್ಕಂಧ ಹೇಳುತ್ತದೆ. ಜನಪ್ರಿಯ ಕಥೆಯಲ್ಲಾದರೋ ಅನಸೂಯೆಯ ಪಾತಿವ್ರತ್ಯವನ್ನು ಪರೀಕ್ಷಿಸಲು ಅತಿಥಿಗಳ ವೇಷದಲ್ಲಿ ಬಂದ ತ್ರಿಮೂರ್ತಿಗಳನ್ನು ಆಕೆ ಹಸುಗೂಸುಗಳನ್ನಾಗಿ ಮಾಡಿ, ಹಾಲೂಡಿಸಿ, ತೊಟ್ಟಿಲಲ್ಲಿ ಮಲಗಿಸುತ್ತಾಳೆ. ಜಯಂತಿಯಂದು ದತ್ತ ಮಂದಿರಗಳಲ್ಲಿ ತೊಟ್ಟಿಲು ಕಟ್ಟಿ, ಜೋಗುಳ ಹಾಡಿ ನಡೆಸುವ ಜನ್ಮೋತ್ಸವಕ್ಕೆ ಈ ಕಥೆಯೇ ಆಧಾರ.

ಮೂರು ಮುಖ, ಆರು ಕೈ, ಹಿಂದೆ ಹಸು, ಕಾಲ ಬಳಿ ನಾಲ್ಕು ನಾಯಿಗಳಿರುವ ಇಂದಿನ ಪರಿಚಿತ ಚಿತ್ರದಲ್ಲಿ ನಾಯಿಗಳು ನಾಲ್ಕು ವೇದಗಳ ಸಂಕೇತವೆಂಬ ವ್ಯಾಖ್ಯಾನ ರೂಢಿಯಲ್ಲಿದೆ. ಆದರೆ ಹಳೆಯ ಶಿಲ್ಪಗಳಲ್ಲಿ ಈ ದೇವರು ಬೇರೆ ರೂಪಗಳಲ್ಲೂ ಕಾಣಿಸಿಕೊಳ್ಳುತ್ತಾನೆ. ಬಾದಾಮಿಯ ವಿಗ್ರಹವೊಂದರಲ್ಲಿ ಯೋಗಾಸನದಲ್ಲಿ ಕುಳಿತ ಏಕಮುಖದ ವಿಷ್ಣುವಿನ ಕೆಳಗೆ, ಪೀಠದ ಮೇಲೆ, ಹಂಸ, ಗರುಡ ಮತ್ತು ವೃಷಭಗಳನ್ನು ಕಂಡರಿಸಿರುವುದನ್ನು ಗಮನಿಸಿ, ಮೂರ್ತಿಶಾಸ್ತ್ರಜ್ಞ ಟಿ.ಎ. ಗೋಪಿನಾಥ ರಾವ್ ಅದನ್ನು ದತ್ತಾತ್ರೇಯನೆಂದು ಗುರುತಿಸಿದ್ದಾರೆ.

ಇಪ್ಪತ್ತನಾಲ್ಕು ಗುರುಗಳು

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಯದು ರಾಜನು ಒಬ್ಬ ಅವಧೂತನನ್ನು, ಅಂದರೆ ಲೋಕದ ಕಟ್ಟುಪಾಡುಗಳನ್ನೆಲ್ಲ ಕೊಡವಿಕೊಂಡ ವಿರಕ್ತನನ್ನು, ಅವನ ಆನಂದಕ್ಕೆ ಕಾರಣವೇನೆಂದು ಕೇಳುತ್ತಾನೆ. ಸಂಪ್ರದಾಯವು ದತ್ತಾತ್ರೇಯನೆಂದೇ ನಂಬುವ ಆ ಅವಧೂತನು ತನಗೆ ಇಪ್ಪತ್ತನಾಲ್ಕು ಗುರುಗಳಿದ್ದಾರೆಂದು ಉತ್ತರಿಸಿ, ಭೂಮಿ, ಗಾಳಿ, ಹೆಬ್ಬಾವು, ಪತಂಗ, ಮೀನು, ಜೇಡ, ಬಾಣ ಮಾಡುವವನು, ಪಿಂಗಳೆಯೆಂಬ ವೇಶ್ಯೆ ಮೊದಲಾದವರ ಹೆಸರು ಹೇಳುತ್ತಾನೆ. ಅವರಲ್ಲೊಬ್ಬಳು ಕನ್ಯೆ. ಮನೆಯವರಿಲ್ಲದ ಹೊತ್ತಿನಲ್ಲಿ ಅವಳನ್ನು ನೋಡಲು ವರನ ಕಡೆಯವರು ಬರುತ್ತಾರೆ. ಅವರ ಊಟಕ್ಕಾಗಿ ಅವಳು ಒಳಗೆ ಭತ್ತ ಕುಟ್ಟುವಾಗ ಬಳೆಗಳು ಸದ್ದು ಮಾಡುತ್ತವೆ. ನಾಚಿದ ಅವಳು ಒಂದೊಂದಾಗಿ ಒಡೆದು ಕೈಗೆರಡರಂತೆ ಉಳಿಸಿದರೂ ಸದ್ದು ನಿಲ್ಲುವುದಿಲ್ಲ, ಒಂದೊಂದೇ ಉಳಿದಾಗ ನಿಲ್ಲುತ್ತದೆ. ಬಹುಜನರ ನಡುವೆ ಕಲಹ, ಇಬ್ಬರ ನಡುವೆಯೂ ಮಾತು, ಆದ್ದರಿಂದ ಸಾಧಕನಿಗೆ ಏಕಾಂತವೇ ಲೇಸೆಂಬುದನ್ನು ಅವಧೂತನು ಅವಳಿಂದ ಕಲಿಯುತ್ತಾನೆ.

ಚಂದ್ರನೂ ಈ ಗುರುಗಳ ಸಾಲಿನಲ್ಲಿದ್ದಾನೆ. ಏರಿಳಿಯುವುದು ಚಂದ್ರನ ಕಲೆಗಳೇ ಹೊರತು ಚಂದ್ರನಲ್ಲ. ಹಾಗೆಯೇ ಹುಟ್ಟಿನಿಂದ ಸಾವಿನವರೆಗಿನ ವಿಕಾರಗಳೆಲ್ಲ ದೇಹದವು, ಆತ್ಮನವಲ್ಲ ಎಂಬ ಬೋಧೆಯನ್ನು ನೆನೆದರೆ, ಚಂದ್ರನ ಸಹೋದರನಾದ ದತ್ತನ ಜಯಂತಿ ಹುಣ್ಣಿಮೆಯಂದೇ ಬರುವುದರ ಔಚಿತ್ಯ ಎದ್ದುಕಾಣುತ್ತದೆ.

ಗಾಣಗಾಪುರದ ಮಧುಕರಿ

ಕನ್ನಡ ನಾಡಿನಲ್ಲಿ ದತ್ತಭಕ್ತಿಯ ಹೃದಯಸ್ಥಾನವೆಂದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ. ದತ್ತನ ಅವತಾರಗಳೆಂದು ಪೂಜೆಗೊಳ್ಳುವ ಇಬ್ಬರು ಯತಿಗಳಲ್ಲಿ ಮೊದಲಿನವರಾದ ಶ್ರೀಪಾದ ಶ್ರೀವಲ್ಲಭರು ಆಂಧ್ರದ ಪೀಠಾಪುರದಲ್ಲಿ ಜನಿಸಿ, ರಾಯಚೂರು ಸೀಮೆಯಲ್ಲಿ ಕೃಷ್ಣಾ ನದಿಯ ನಡುಗಡ್ಡೆಯಾದ ಕುರುವಪುರದಲ್ಲಿ ನೆಲೆಸಿದರು. ಎರಡನೆಯವರಾದ ನೃಸಿಂಹ ಸರಸ್ವತಿಗಳು ವಿದರ್ಭದ ಕಾರಂಜಾದಲ್ಲಿ ಜನಿಸಿ, ಕೃಷ್ಣಾ ಪಂಚಗಂಗಾ ಸಂಗಮದ ನರಸೋಬಾವಾಡಿಯಲ್ಲಿದ್ದು, ಕೊನೆಗೆ ಭೀಮಾ ಅಮರಜಾ ಸಂಗಮದ ಗಾಣಗಾಪುರಕ್ಕೆ ಬಂದರು. ಅವರು ಶ್ರೀಶೈಲಕ್ಕೆ ಹೊರಡುವ ಮುನ್ನ ಬಿಟ್ಟುಹೋದರೆಂದು ನಂಬಲಾದ ನಿರ್ಗುಣ ಪಾದುಕೆಗಳ ದರ್ಶನವನ್ನು ಭಕ್ತರು ಮಠದ ಪುಟ್ಟ ಕಿಂಡಿಯ ಮೂಲಕ ಪಡೆಯುತ್ತಾರೆ. ಸಂಗಮದಲ್ಲಿ ಮಿಂದು, ಔದುಂಬರ ವೃಕ್ಷದ, ಅಂದರೆ ಅತ್ತಿಮರದ, ನೆರಳಿನಲ್ಲಿ ಕುಳಿತು ಪಾರಾಯಣ ಮಾಡುತ್ತಾರೆ.

ಈ ಕ್ಷೇತ್ರದ ವಿಶಿಷ್ಟ ಆಚರಣೆ ಮಧುಕರಿ, ಅಂದರೆ ಮನೆಯಿಂದ ಮನೆಗೆ ಹೋಗಿ ಸ್ವಲ್ಪ ಸ್ವಲ್ಪವೇ ಬೇಡಿ ಉಣ್ಣುವ ಭಿಕ್ಷೆ. ಮಧ್ಯಾಹ್ನದ ಹೊತ್ತಿಗೆ ದತ್ತನೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಯಾತ್ರಿಕರು ತಾವೂ ಬೇಡುತ್ತಾರೆ, ಬೇಡಬಂದವರಿಗೆ ನೀಡುತ್ತಾರೆ. ಊರಲ್ಲಿ ಉಳ್ಳವರೆನಿಸಿಕೊಂಡವರೂ ಇಲ್ಲಿ ಜೋಳಿಗೆ ಹಿಡಿದು ಪರರ ಬಾಗಿಲಲ್ಲಿ ನಿಲ್ಲುತ್ತಾರೆ. ದುಂಬಿಯು ಹೂವಿಗೆ ನೋವಾಗದಂತೆ ಅಲ್ಪಸ್ವಲ್ಪ ಮಧುವನ್ನು ಸಂಗ್ರಹಿಸುವಂತೆ ಮುನಿಯು ಯಾವ ಗೃಹಸ್ಥನಿಗೂ ಹೊರೆಯಾಗದೆ ಬದುಕಬೇಕೆಂದು ಅವಧೂತನು ಯದುವಿಗೆ ಹೇಳಿದ ಪಾಠವೇ ಇಲ್ಲಿ ನಿತ್ಯದ ನಡೆಯಾಗಿದೆ.

ಗಡಿ ದಾಟಿದ ಗ್ರಂಥ

ಜಯಂತಿಗೆ ಮುಂಚಿನ ಏಳು ದಿನ ಮನೆಗಳಲ್ಲಿಯೂ ಮಠಗಳಲ್ಲಿಯೂ ನಡೆಯುವ ಸಪ್ತಾಹದಲ್ಲಿ ಪಠಿಸುವ ‘ಗುರುಚರಿತ್ರೆ’ಯು ಸರಸ್ವತಿ ಗಂಗಾಧರ ಎಂಬ ಕವಿ ಓವಿ ಛಂದಸ್ಸಿನಲ್ಲಿ ರಚಿಸಿದ ಮರಾಠಿ ಕೃತಿ. ತನಗೆ ಮರಾಠಿ ಬಾರದೆಂದು ಕವಿಯೇ ಅದರಲ್ಲಿ ವಿನಯದಿಂದ ನಿವೇದಿಸಿಕೊಂಡಿರುವುದರಿಂದ, ಅವನ ಮನೆಮಾತು ಕನ್ನಡವಾಗಿದ್ದಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಕನ್ನಡ ನೆಲದಲ್ಲಿ ನೆಲೆಸಿದ ಈ ಇಬ್ಬರು ಯತಿಗಳನ್ನು ಕುರಿತು ಬರೆದ ಈ ಮರಾಠಿ ಗ್ರಂಥವನ್ನು ಕನ್ನಡಿಗರು ಇಂದು ಕನ್ನಡ ಅನುವಾದಗಳಲ್ಲಿ ಪಾರಾಯಣ ಮಾಡುತ್ತಾರೆ. ಶ್ರೀವಲ್ಲಭರನ್ನು ಸೇವಿಸಿದ ಅಗಸನೊಬ್ಬ ಮುಂದಿನ ಜನ್ಮದಲ್ಲಿ ಬೀದರಿನ ಮುಸ್ಲಿಂ ಅರಸನಾಗಿ ಹುಟ್ಟಿ, ತೊಡೆಯ ಹುಣ್ಣಿನ ಬಾಧೆಯಿಂದ ನರಳುತ್ತ ನೃಸಿಂಹ ಸರಸ್ವತಿಗಳಲ್ಲಿಗೆ ಬಂದು ಗುಣಮುಖನಾಗುವ ಕಥೆ, ಗುರುವಿನ ಕರುಣೆಗೆ ಜಾತಿಮತಗಳ ಎಲ್ಲೆಯಿಲ್ಲವೆಂದು ಈ ಗ್ರಂಥ ಹುಟ್ಟಿದ ಕಾಲದಲ್ಲೇ ಜನ ನಂಬಿದ್ದರೆಂಬುದಕ್ಕೆ ಸಾಕ್ಷಿ.

ಈ ಪರಂಪರೆಯ ಹರವು ದೊಡ್ಡದು. ಮಹಾನುಭಾವ ಪಂಥವು ತಾನು ಆರಾಧಿಸುವ ಐದು ಅವತಾರಗಳಾದ ಪಂಚಕೃಷ್ಣರಲ್ಲಿ ದತ್ತನನ್ನು ಎಣಿಸಿದರೆ, ನಾಥಪಂಥದವರು ಅವನನ್ನು ಯೋಗಗುರುವೆಂದು ಗೌರವಿಸುತ್ತಾರೆ. ಮೈಸೂರಿನ ಜಯಚಾಮರಾಜ ಒಡೆಯರು ದತ್ತಾತ್ರೇಯನ ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1957ರಲ್ಲಿ ಪ್ರಕಟವಾಯಿತು. ಪಂಥ, ಭಾಷೆ, ಅಂತಸ್ತುಗಳ ಭೇದವಿಲ್ಲದೆ ಇಷ್ಟು ಜನ ಒಬ್ಬನನ್ನೇ ತಮ್ಮವನೆಂದು ಕರೆದುಕೊಳ್ಳಲು ಸಾಧ್ಯವಾದದ್ದು, ಅವನು ಯಾರನ್ನೂ ಗೆಲ್ಲಲು ಬಂದವನಲ್ಲವೆಂಬ ಕಾರಣದಿಂದ. ಬಾಣ ಮಾಡುವವನಿಂದಲೂ ವೇಶ್ಯೆಯಿಂದಲೂ ಕಲಿತ ಗುರುವನ್ನು ಪೂಜಿಸುವವರು ಯಾರನ್ನೂ ಕೀಳಾಗಿ ಕಾಣುವಂತಿಲ್ಲ. ತೊಟ್ಟಿಲು ತೂಗುವ ಸಂಭ್ರಮದೊಂದಿಗೆ ಈ ಹೊಣೆಯನ್ನೂ ಹೊತ್ತಾಗಲೇ ದತ್ತ ಜಯಂತಿಯ ಆಚರಣೆ ಪೂರ್ಣವಾಗುತ್ತದೆ.