ಹೆಳವರ ಹೊತ್ತಿಗೆ, ಕಚೇರಿಯ ಕಡತ

ಸುಗ್ಗಿ ಮುಗಿದು ಜೋಳ ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ‘ಗೌಡ್ರ, ನಿಮ್ಮ ಮನಿ ಹೆಳವ ಬಂದೀನ್ರಿ’ ಎಂಬ ಕೂಗು ಕೇಳಿದರೆ ಹಿರಿಯರು ಕಟ್ಟೆಯ ಮೇಲೆ ಕಂಬಳಿ ಹಾಸುತ್ತಾರೆ. ಬಂದವರು ಚೀಲದಿಂದ ದಪ್ಪನೆಯ ಪುಸ್ತಕ ತೆಗೆದು ರಾಗವಾಗಿ ಓದತೊಡಗುತ್ತಾರೆ. ಮನೆತನದ ಮೂಲ ಊರು ಯಾವುದು, ಮನೆದೇವರು ಯಾರು, ಬೆಡಗು ಯಾವುದು, ಬರಕ್ಕೋ ಜಗಳಕ್ಕೋ ಆ ಊರು ಬಿಟ್ಟು ಬಂದ ಮೂಲಪುರುಷ ಯಾರು, ಅವನ ಹೊಟ್ಟೆಯಲ್ಲಿ ಎಷ್ಟು ಗಂಡುಮಕ್ಕಳು, ಅವರಲ್ಲಿ ಇಲ್ಲೇ ಉಳಿದವರು ಯಾರು, ಹೊಳೆ ದಾಟಿ ಹೋದವರು ಯಾರು. ಮುತ್ತಜ್ಜನ ಹೆಸರು ಬರುವಷ್ಟರಲ್ಲಿ ಒಳಗಿನಿಂದ ಅಜ್ಜಿ ‘ಹೌದಪಾ, ಖರೇ ಐತಿ’ ಅನ್ನುತ್ತಾಳೆ. ಓದು ಮುಗಿದ ಮೇಲೆ ಪೆನ್ನು ಹೊರಬರುತ್ತದೆ. ಹೋದ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಹೇಳಬೇಕು. ಅವು ಪುಸ್ತಕ ಸೇರಿದರೆ ಆ ಮನೆತನದ ಲೆಕ್ಕ ಸದ್ಯಕ್ಕೆ ಪೂರ್ತಿಯಾದಂತೆ.

ವಂಶಾವಳಿ ಹೇಳುವುದೇ ಹೆಳವರ ಕುಲಕಸುಬು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಇವರ ಓಡಾಟ ಹೆಚ್ಚು. ಕಸುಬಿನ ಹುಟ್ಟನ್ನು ಇವರು 12ನೇ ಶತಮಾನದ ಬಸವಣ್ಣನವರ ಕಾಲಕ್ಕೆ ಒಯ್ಯುತ್ತಾರೆ. ಒಬ್ಬೊಬ್ಬ ಹೆಳವರಿಗೆ ಇಂತಿಂಥ ಊರು, ಇಂತಿಂಥ ಮನೆತನ ಎಂದು ಹಂಚಿಕೆಯಿದೆ. ಅದು ಅಪ್ಪನಿಂದ ಮಗನಿಗೆ ಬರುವ ಹಕ್ಕು, ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿಲ್ಲ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲೂ ಹೆಳವರಿದ್ದಾರೆ. ಬಳ್ಳಾರಿ, ಮೈಸೂರು ಸೀಮೆಯಲ್ಲಿ ಕಾಲು ಕಾಣದಂತೆ ಕಂಬಳಿ ಹೊದ್ದು, ಎತ್ತಿನ ಮೇಲೆ ಕೂತು ಬರುವವರು, ಮನೆತನಗಳ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವವರು ಎಂದು ಆತ ಬರೆದಿದ್ದಾನೆ. ಈಗ ಎತ್ತಿನ ಬದಲು ಬೈಕು ಬಂದಿದೆ, ತಾಳೆಗರಿಯ ಬದಲು ಕಾಗದ ಬಂದಿದೆ. ಕಾಣಿಕೆ ಮಾತ್ರ ಹೆಚ್ಚೇನೂ ಬದಲಾಗಿಲ್ಲ: ಜೋಳ, ಬಟ್ಟೆ, ದುಡ್ಡು, ಅನುಕೂಲಸ್ಥರ ಮನೆಯಾದರೆ ಒಂದು ಆಕಳು.

ನಮ್ಮ ಹಿರಿಯರು ಯಾರು ಎಂದು ಹುಡುಕಲು ಹೊರಟವರಿಗೆ ಹೆಳವರ ಪುಸ್ತಕಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ. ಆದರೆ ಅದನ್ನು ಓದುವ ಬಗೆ ಗೊತ್ತಿರಬೇಕು. ಮೂಲಪುರುಷನ ಸುತ್ತ ಇರುವುದು ಬಹುಮಟ್ಟಿಗೆ ಪುರಾಣ, ಅಲ್ಲಿ ದೇವರೂ ಪವಾಡವೂ ಇರುತ್ತವೆ. ಈಚಿನ ನಾಲ್ಕೈದು ತಲೆಮಾರು ಮಾತ್ರ ಮನೆಯವರ ಬಾಯಿಂದಲೇ ಕೇಳಿ, ಆಗಿಂದಾಗ್ಗೆ ಬರೆದುಕೊಂಡದ್ದು. ನಂಬಿಕೆಗೆ ಅರ್ಹವಾದದ್ದು ಆ ಭಾಗ. ಕಾಣಿಕೆ ಕೊಡುವ ಮನೆಯ ಹಿರಿಮೆಯನ್ನು ಒಂದು ತೂಕ ಹೆಚ್ಚಾಗಿ ಹೇಳುವುದೂ ಕಸುಬಿನ ಭಾಗವೇ. ಯಾವ ದಾಖಲೆಯನ್ನೂ ಮುಂದೊಂದು ದಿನ ಹುಡುಕಿ ಬರುವ ಮೊಮ್ಮಕ್ಕಳಿಗಾಗಿ ಯಾರೂ ಬರೆದಿಟ್ಟಿಲ್ಲ. ಅವರವರ ಅಗತ್ಯಕ್ಕೆ ಅವರವರು ಬರೆದುಕೊಂಡರು. ಯಾರ ಅಗತ್ಯ ಎಂಬುದು ತಿಳಿದರೆ ಅದರಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದೂ ತಿಳಿಯುತ್ತದೆ.

ಕಂದಾಯ ಇಲಾಖೆಯ ಅಗತ್ಯ ತೆರಿಗೆ. ಹಾಗಾಗಿ ಹೆಳವರು ಹೇಳಿದ್ದನ್ನು ತಾಳೆ ನೋಡಲು ತಹಶೀಲ್ದಾರ್ ಕಚೇರಿಯ ದಾಖಲೆ ಕೊಠಡಿಗೇ ಹೋಗಬೇಕು. ಧಾರವಾಡ, ಬೆಳಗಾವಿ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1903ರ ಕಾಯ್ದೆಯ ಮೂಲಕ ಜಮೀನಿನ ಹಕ್ಕುದಾರರ ಹೆಸರುಗಳನ್ನು ದಾಖಲಿಸುವ ವ್ಯವಸ್ಥೆ ಬಂತು. ಖಾತೆದಾರ ತೀರಿಕೊಂಡರೆ ಹಕ್ಕು ಬದಲಾವಣೆಯ ನೋಂದಣಿ ಆಗಲೇಬೇಕು. ವಂಶ ಹುಡುಕುವವರಿಗೆ ಈ ‘ವಾರಸಾ’ ದಾಖಲೆ ದೊಡ್ಡ ನಿಧಿ. ಇಂಥವರು ಇಂಥ ದಿನ ಮೃತರಾದರು, ಅವರಿಗೆ ವಾರಸುದಾರರು ಹೆಂಡತಿ ಇಂಥವಳು, ಹಿರಿಯ ಮಗನಿಗೆ ಇಷ್ಟು ವಯಸ್ಸು, ಕಿರಿಯವನು ಅಜ್ಞಾನ, ಅವನ ಪಾಲಕಿ ತಾಯಿ ಎಂದು ಬರೆದಿರುತ್ತದೆ. ಕಚೇರಿಯ ಭಾಷೆಯಲ್ಲಿ ‘ಅಜ್ಞಾನ’ ಎಂದರೆ ಅಪ್ರಾಪ್ತ ವಯಸ್ಕ. ಎರಡು ಸಾಲಿನ ಇಂಥ ನಮೂದಿನಿಂದ ಒಂದು ಸಾವಿನ ದಿನಾಂಕ, ನಾಲ್ಕು ಹೆಸರು, ಮಕ್ಕಳು ಹುಟ್ಟಿದ ಅಂದಾಜು ವರ್ಷ, ಎಳೆಯ ಮಕ್ಕಳನ್ನು ಕಟ್ಟಿಕೊಂಡು ಒಕ್ಕಲುತನ ನಡೆಸಿದ ಒಬ್ಬ ವಿಧವೆ, ಇಷ್ಟೂ ಸಿಗುತ್ತವೆ. ಹೆಳವರ ಪುಸ್ತಕದಲ್ಲಿ ಗಂಡುಮಕ್ಕಳ ಸಾಲಿನ ನಡುವೆ ಕಾಣದ ಆ ತಾಯಿ ಇಲ್ಲಿ ಹೆಸರು ಹಿಡಿದು ಎದುರಾಗುತ್ತಾಳೆ.

ಹೀಗೆ ದಾಖಲೆ ತಾಳೆ ನೋಡುವ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಮುಖ್ಯ ತೊಡಕು ಲಿಪಿ. ಹಿಂದಿನ ಮುಂಬೈ ಕರ್ನಾಟಕದ ಹಳೆಯ ಕಾಗದಗಳು ಬಹಳಷ್ಟು ಮರಾಠಿಯ ಮೋಡಿ ಲಿಪಿಯಲ್ಲಿವೆ. ಲೇಖನಿ ಎತ್ತದೆ ಬರೆದ ಆ ಅಕ್ಷರ ಮರಾಠಿ ಬಲ್ಲವರಿಗೂ ಅರ್ಥವಾಗುವುದಿಲ್ಲ. ಕಲಬುರಗಿ, ಬೀದರ್, ರಾಯಚೂರಿನ ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿ, ಅದಕ್ಕೂ ಹಿಂದಿನದು ಪಾರ್ಸಿಯಲ್ಲಿ. ಹಳೆ ಮೈಸೂರಿನ ಶಾನುಭೋಗರ ಲೆಕ್ಕ ಕನ್ನಡದಲ್ಲೇ ಇದ್ದರೂ ಕೈಬರಹದ ಒಕ್ಕಣೆ, ಸಂಕ್ಷೇಪಾಕ್ಷರ ಬೇರೆ. ಹೀಗಾಗಿ ಮೋಡಿ ಓದಬಲ್ಲ ನಿವೃತ್ತ ಮಾಸ್ತರರು, ಉರ್ದು ಬಲ್ಲ ಹಿರಿಯರು, ಹಳೆಯ ಸರ್ವೆ ನಂಬರ್ ಯಾವ ಹೊಲದ್ದೆಂದು ಬೊಟ್ಟು ಮಾಡಿ ತೋರಿಸುವ ಊರಿನ ರೈತರು, ಇವರೆಲ್ಲ ಸಂಶೋಧನೆಯ ಪಾಲುದಾರರೇ. ಒಬ್ಬರು ಓದಿಕೊಟ್ಟದ್ದಕ್ಕೆ ಇನ್ನೊಬ್ಬರು ಊರು ಗುರುತಿಸುತ್ತಾರೆ. ಯಾವುದೋ ಮನೆತನಕ್ಕಾಗಿ ಪ್ರತಿ ಮಾಡಿಕೊಂಡ ಕಾಗದದಲ್ಲಿ ಮತ್ತೊಬ್ಬರ ಮುತ್ತಜ್ಜ ಸಾಕ್ಷಿ ಹಾಕಿರುತ್ತಾನೆ.

ಹೀಗೆ ಹಂಚಿಕೊಂಡು ಮಾಡಿದ ಹುಡುಕಾಟ ದೊಡ್ಡ ಕೆಲಸವಾಗಿ ಬೆಳೆದದ್ದೂ ಉಂಟು. ಮಂಗಳೂರಿನ ಕೆಥೋಲಿಕ್ ಕುಟುಂಬಗಳ ವಂಶಾವಳಿಗಳನ್ನು ಮೈಕಲ್ ಲೋಬೊ ವಿಶ್ವಕೋಶದ ಅಳತೆಯಲ್ಲಿ ಕಲೆಹಾಕಿದರು. ಚರ್ಚುಗಳ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳಲ್ಲಿ ತಾಯಂದಿರ ಹೆಸರೂ ಇರುವುದು ಇಂಥ ಕೆಲಸಕ್ಕೆ ದೊಡ್ಡ ಅನುಕೂಲ. ಕೊಡಗಿನಲ್ಲಿ ಬೊವ್ವೇರಿಯಂಡ ಚಿಣ್ಣಪ್ಪ ಮತ್ತು ನಂಜಮ್ಮ ದಂಪತಿ ಊರೂರು ತಿರುಗಿ ಐನ್‌ಮನೆಗಳನ್ನು ದಾಖಲಿಸಿದರು. ಒಂದೊಂದು ಒಕ್ಕದ, ಅಂದರೆ ಮನೆತನದ, ಮೂಲಮನೆಯೂ ಅಲ್ಲಿ ಒಂದೊಂದು ದಾಖಲೆಯೇ. ಇನ್ನು ಹರಿದ್ವಾರ, ಗಯೆ, ತ್ರ್ಯಂಬಕೇಶ್ವರದಂಥ ಕ್ಷೇತ್ರಗಳ ಪುರೋಹಿತರ ಬಳಿ ಯಾತ್ರಿಕರ ಹೆಸರು ಬರೆದ ವಹಿಗಳಿವೆ. ಅಪ್ಪನ ಅಸ್ಥಿ ಬಿಡಲು ಹೋದವರು ಅಜ್ಜನ ಸಹಿ ಕಂಡು ಬೆರಗಾಗುವುದು ಅಲ್ಲಿ ಹೊಸದಲ್ಲ.

ಎಲ್ಲ ದಾಖಲೆಗಳೂ ಎಲ್ಲರನ್ನೂ ಸಮನಾಗಿ ನೆನಪಿಟ್ಟಿಲ್ಲ. ಹೊಲವಿದ್ದವನು ಕಂದಾಯದ ಪುಸ್ತಕದಲ್ಲಿದ್ದಾನೆ. ಅವನ ಹೊಲದಲ್ಲಿ ತಲೆಮಾರುಗಟ್ಟಲೆ ದುಡಿದವನು ಇಲ್ಲ. ಕಾಣಿಕೆ ಕೊಡಬಲ್ಲ ಮನೆಗೆ ಹೆಳವರಿದ್ದರು, ಕೊಡಲಾಗದವರಿಗೆ ಯಾರೂ ಇರಲಿಲ್ಲ. ಹೆಳವರದೂ ಅದೇ ಕತೆ: ಊರವರ ವಂಶಾವಳಿ ಹೊತ್ತು ತಿರುಗುವ ಈ ಸಮುದಾಯ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ–1ಕ್ಕೆ ಸೇರಿದ್ದು, ತಾನೇ ನೆಲೆ ಕಾಣಲು ಹೆಣಗುತ್ತಿದೆ. ಅವರ ಮಕ್ಕಳು ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯಲೂ ಬೇಕು. ಆದರೆ ಪುಸ್ತಕ ಮುಂದಕ್ಕೆ ಹೊರುವವರಿಲ್ಲದ ಮನೆಗಳಲ್ಲಿ ಅದರ ಪ್ರತಿ ಮಾಡಿಸಿ ಇಡುವ ಕೆಲಸ ಈಗಲೇ ಆಗಬೇಕು. ಅದಕ್ಕೆ ತಕ್ಕ ಸಂಭಾವನೆಯೂ ಅವರಿಗೆ ಸಲ್ಲಬೇಕು.

ಹುಡುಕಲು ಹೊರಡುವವರು ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಮೂರು ತಲೆಮಾರು ಬರೆಯಿರಿ. ಬರೀ ಹೆಸರು ಸಾಲದು. ಊರು, ಮನೆದೇವರು, ಅಡ್ಡಹೆಸರು, ಸೋದರತ್ತೆಯರನ್ನು ಕೊಟ್ಟ ಊರುಗಳು ಎಲ್ಲ ಬೇಕು. ಆಮೇಲೆ ಶಾಲೆಯ ದಾಖಲಾತಿ ಪುಸ್ತಕ, ಪಹಣಿ, ವಾರಸಾ ನಮೂದು ಎಂದು ಹಿಂದಕ್ಕೆ ಹೋಗಿ. ಎರಡು ಬೇರೆ ಬೇರೆ ಅಗತ್ಯಕ್ಕೆ ಬರೆದ ದಾಖಲೆಗಳು ಒಂದೇ ಮಾತು ಹೇಳಿದರೆ ಆ ಮಾತನ್ನು ನಂಬಬಹುದು.

ಈ ದಾಖಲೆಗಳಲ್ಲಿ ಬಹುಕಾಲ ಕಾಣದೆ ಉಳಿದವರು ಮನೆಯ ಹೆಣ್ಣುಮಕ್ಕಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ವಾರಸಾ ಪಟ್ಟಿಗಳಲ್ಲಿ ಅವರು ಕಾಣಿಸಿಕೊಳ್ಳತೊಡಗಿದರು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅವರಲ್ಲಿ ಆಗಿನ್ನೂ ಮದುವೆಯಾಗಿರದವರಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಕಾನೂನು ಬದಲಾದರೆ ಕಚೇರಿಯ ಪುಸ್ತಕ ಬದಲಾಗುತ್ತದೆ. ಹೆಳವರ ಪುಸ್ತಕ ಬದಲಾಗಬೇಕಾದರೆ ಹೆಸರು ಹೇಳುವವರು ಬದಲಾಗಬೇಕು. ಮುಂದಿನ ಸುಗ್ಗಿಗೆ ಅವರು ಬಂದು ಪೆನ್ನು ತೆಗೆದಾಗ ಮಗಳ ಹೆಸರನ್ನೂ ಬರೆಸಿ, ಸೊಸೆಯ ಹೆಸರನ್ನು ಅವಳ ತವರೂರಿನ ಸಮೇತ ಬರೆಸಿ.